ಒಂದು ದಿನದ ಟೈರುಗಳು

ಹಳೇ ಗಾಡಿ ಕೊಳ್ಳಲು ಹೋಗುವವರು ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ಪಾಂಡವಪುರದಲ್ಲಿ ನಮ್ಮ ಅಬ್ಬಾ ಪೀರ್ ಅಹಮದ್ ಹಾಕಿದ ಗ್ಯಾರೇಜನ್ನು ಇಪ್ಪತ್ತಾರು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಹಫೀಜ್ ನೋಡಿ ಹೂಂ ಅಂದರೆ ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು ಅನ್ನುವ ಹೆಸರು ನನಗಿತ್ತು. ಆ ಹೆಸರಿನ ಜಂಬವೂ ಇತ್ತು. ಬಾನೆಟ್ ಕೂಡ ಎತ್ತದೆ, ಟೈರಿಗೊಂದು ಒದೆ ಕೊಟ್ಟು ಗಾಡಿ ಚೆನ್ನಾಗಿದೆ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪ್ರಮೀಳಾ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಪಾಲಹಳ್ಳಿಯ ನಂಜಪ್ಪನವರ ಮಗಳು. ಅವರ ಟ್ರಾಕ್ಟರಿಗೆ ಅಬ್ಬಾನನ್ನು ಬಿಟ್ಟು ಬೇರೆಯವರು ಕೈ ಹಾಕಿದ್ದಿಲ್ಲ. ಮದುವೆಯಾಗಿ ಹೇಮಗಿರಿ ಕಡೆಯ ಹಳ್ಳಿಗೆ ಹೋದವಳು ಹಟ ಹಿಡಿದು ವ್ಯಾನು ಓಡಿಸುವ ಲೈಸೆನ್ಸು ಮಾಡಿಸಿಕೊಂಡಿದ್ದಳು. ಆ ಊರಿನ ಹದಿನಾಲ್ಕು ಮಕ್ಕಳು ಕೆ.ಆರ್.ಪೇಟೆಯ ಸ್ಕೂಲಿಗೆ ಹೋಗುತ್ತಾರೆ, ಅವಳ ಮಗಳು ಅನುವೂ ಸೇರಿ. ಈಗ ಹೋಗುವ ವ್ಯಾನಿನಲ್ಲಿ ಮಕ್ಕಳನ್ನು ಕುರಿ ತುಂಬಿದ ಹಾಗೆ ತುಂಬುತ್ತಾರೆ. ನೀನೇ ಒಂದು ವ್ಯಾನು ತಗೋ, ಮಕ್ಕಳನ್ನು ನಿನ್ನ ಕೈಗೇ ಕೊಡುತ್ತೇವೆ ಎಂದು ತಾಯಂದಿರೆಲ್ಲ ಅವಳಿಗೆ ಗಂಟುಬಿದ್ದಿದ್ದರಂತೆ.

"ನಾಗಮಂಗಲದಲ್ಲಿ ಒಂದ್ ವ್ಯಾನ್ ಐತೆ ಹಫೀಜಣ್ಣ. ಹನ್ನೆರಡು ವರ್ಸದ್ದು. ಆದ್ರೆ ಎಫ್‌ಸಿ ಒಂದ್ಸಲಾನೂ ಫೇಲಾಗಿಲ್ಲ. ಗಾಡಿ ನಂಬರ್ ಹಾಕಿ ಫೋನಲ್ಲೂ ನೋಡ್ದೆ, ಇನ್ನೂ ಏಳ್ ತಿಂಗ್ಳು ಐತೆ," ಎಂದಳು.

"ಎಫ್‌ಸಿ ಇದ್ರೆ ಒಳ್ಳೇದೇ ಕಣವ್ವ. ಗಾಡೀನೂ ನೋಡ್ಬುಡಾನ, ನಡಿ," ಎಂದೆ.

ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯವಾಗಿದೆ ಎಂದು ಬ್ರೇಕ್ ಇನ್‌ಸ್ಪೆಕ್ಟರು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು. ಬಾಡಿಗೆಗೆ ಓಡುವ ಗಾಡಿಗೆ ಎಂಟು ವರ್ಷ ದಾಟಿತು ಅಂದರೆ ಪ್ರತಿ ವರ್ಷವೂ ಮಾಡಿಸಬೇಕು.

ಅವಳು ಸ್ಕೂಟರಿನಲ್ಲಿ, ನಾನು ಬೈಕಿನಲ್ಲಿ ಹೊರಟೆವು. ಜಕ್ಕನಹಳ್ಳಿ ಕ್ರಾಸಿನಲ್ಲಿ ಟೀ ಕುಡಿಯುವಾಗ ಯಾವ ಮಗು ಯಾವ ಸೀಟಿನಲ್ಲಿ ಕೂರಬೇಕು ಎಂಬುದನ್ನೆಲ್ಲ ಹೇಳಿದಳು. ವಾಂತಿ ಮಾಡಿಕೊಳ್ಳುವ ಒಂದು ಹುಡುಗಿಗೆ ಕಿಟಕಿ ಪಕ್ಕ ಆಗಲೇ ಜಾಗ ಹಿಡಿದಿಟ್ಟಿದ್ದಳು. ಕೇಳುತ್ತಾ ನನಗೂ ಖುಷಿಯಾಯಿತು.

ನಾಗಮಂಗಲದ ಹೊರಗೆ ತೆಂಗಿನ ತೋಟದ ಮುಂದೆ ಮಾಲೀಕ ಕುಳ್ಳಯ್ಯ ವ್ಯಾನನ್ನು ತೊಳೆಸಿ, ಪಾಲಿಶ್ ಹಾಕಿಸಿ, ಮದುವೆ ಗಂಡಿನಂತೆ ನಿಲ್ಲಿಸಿದ್ದ. ನಾನು ಅಂಗಾತ ಮಲಗಿ ಕೆಳಗೆ ತೂರಿದೆ. ಗಾಡಿಯ ಭಾರವನ್ನೆಲ್ಲ ಹೊರುವ ಚಾಸಿ ಒಂದು ಕಡೆ ಬಿರುಕು ಬಿಟ್ಟಿತ್ತು. ಅದಕ್ಕೆ ವೆಲ್ಡಿಂಗ್ ತೇಪೆ ಹಚ್ಚಿ, ಮೇಲೆ ಹೊಸ ಕಪ್ಪು ಪೇಂಟು ಬಳಿದಿದ್ದರು. ಮೇಲೆದ್ದು ಬ್ರೇಕ್ ಪೆಡಲ್ ಒತ್ತಿದರೆ ಕೆಸರಿನಲ್ಲಿ ಕಾಲಿಟ್ಟಂತೆ ಕೊನೆಯವರೆಗೂ ಹೋಗುತ್ತಿತ್ತು. ಟೈರುಗಳು ಸವೆದು, ಹಿಂದಿನೆರಡರಲ್ಲಿ ಒಳಗಿನ ನೂಲು ಕಾಣುತ್ತಿತ್ತು.

"ಬ್ಯಾಡ ಕಣವ್ವ," ಎಂದು ಮಣ್ಣು ಕೊಡವಿಕೊಂಡೆ.

ಕುಳ್ಳಯ್ಯನಿಗೆ ರೇಗಿತು. ಒಳಗಿನಿಂದ ಒಂದು ಫೈಲು ತಂದು ಬಾನೆಟ್ಟಿನ ಮೇಲೆ ಬಿಚ್ಚಿಟ್ಟ. ನಾಲ್ಕು ವರ್ಷದ ನಾಲ್ಕು ಎಫ್‌ಸಿ. ಪ್ರತಿಯೊಂದಕ್ಕೂ ಒಂದೊಂದು ಫೋಟೋ ಪಿನ್ ಮಾಡಿತ್ತು. ಪಾಸಾದ ದಿನವೇ ಗಾಡಿಗೆ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುವುದು ಅವನ ಪದ್ಧತಿ.

ಪ್ರಮೀಳಾ ಒಂದೊಂದೇ ಹಾಳೆಯನ್ನು ಬೆರಳಿಟ್ಟು ಓದಿದಳು. "ನಾಲ್ಕ್ ಸಲ ಪಾಸ್ ಮಾಡವ್ರೆ ಹಫೀಜಣ್ಣ. ಓದ್ಕೊಂಡಿರೋ ಇನ್‌ಸ್ಪೆಕ್ಟ್ರುಗಳು. ಅಷ್ಟೂ ಜನಾನೂ ತಪ್ಪು ನೋಡಿದ್ರಾ? ಟೈರ್ ತಾನೇ, ಒಸಾವು ಹಾಕುಸ್ತೀನಿ. ಬ್ರೇಕ್ ನೀವೇ ಮಾಡ್ಕೊಡಿ."

ಅಷ್ಟು ಹೊತ್ತು ಗಾಡಿಯ ಕೆಳಗೆ ಮಲಗಿ ಎದ್ದವನ ಮಾತಿಗಿಂತ ಕಾಗದ ದೊಡ್ಡದಾಯಿತಲ್ಲ ಎಂದು ನನಗೆ ಸಿಟ್ಟು ಬಂತು. ಫೈಲನ್ನು ನನ್ನ ಕಡೆಗೆ ಎಳೆದುಕೊಂಡೆ. ಮೊದಲ ಫೋಟೋದಲ್ಲಿ ಟೈರುಗಳು ಹೊಸದರಂತೆ ಮಿಂಚುತ್ತಿದ್ದವು. ಗಾಳಿ ತುಂಬುವ ವಾಲ್ವಿನ ಪಕ್ಕದಲ್ಲಿ ಹಳದಿ ಬಣ್ಣದ ಎರಡು ಗೀರು. ಪೂಜೆಯ ಅರಿಶಿನ ಇರಬೇಕು ಅಂದುಕೊಂಡೆ. ಎರಡನೇ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಎರಡು ಗೀರು. ಮೂರನೆಯದರಲ್ಲೂ ಇದ್ದವು, ನಾಲ್ಕನೆಯದರಲ್ಲೂ ಇದ್ದವು.

ಆ ಗೀರು ನನ್ನ ಬೆರಳಿನವು.

ನನ್ನ ಗ್ಯಾರೇಜಿನ ಹಿಂದೆ ಚಕ್ರದ ಕಬ್ಬಿಣದ ಡಿಸ್ಕು ಸಮೇತ ನಾಲ್ಕು ಒಳ್ಳೆ ಟೈರುಗಳಿವೆ. ಎಫ್‌ಸಿ ಟೈರು ಎಂದೇ ಅವುಗಳ ಹೆಸರು. ಎಫ್‌ಸಿ ದಿನ ಬೆಳಿಗ್ಗೆ ಬಾಡಿಗೆಗೆ ಒಯ್ದು ಹಾಕಿಕೊಳ್ಳುತ್ತಾರೆ, ಪಾಸಾದ ಮೇಲೆ ಬಿಚ್ಚಿ ಸಂಜೆಗೆ ತಂದುಕೊಡುತ್ತಾರೆ, ಹಳೇ ಟೈರಿನಲ್ಲೇ ಮುಂದಿನ ವರ್ಷದವರೆಗೆ ಓಡಿಸುತ್ತಾರೆ. ಯಾರೂ ಬದಲಾಯಿಸಿಕೊಳ್ಳದಿರಲಿ ಎಂದು ನಾನು ಹಳದಿ ಪೇಂಟಿನಲ್ಲಿ ಗುರುತು ಹಾಕಿದ್ದೆ. ಅವನ್ನು ಯಾವ ಗಾಡಿಗೆ ಹಾಕುತ್ತೀರಿ ಎಂದು ನಾನು ಕೇಳುತ್ತಿರಲಿಲ್ಲ. ಕೇಳದೇ ಇರುವುದೇ ದೊಡ್ಡತನ ಅಂದುಕೊಂಡಿದ್ದೆ.

ಪ್ರಮೀಳಾ ಆಗಲೇ ಕುಳ್ಳಯ್ಯನಿಗೆ ಸೋಮವಾರ ಬಂದು ಗಾಡಿ ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಳು. ನಾನು ಸುಮ್ಮನಿರಬಹುದಿತ್ತು. ಇಂಜಿನ್ನಿನದು ಏನಾದರೂ ಸುಳ್ಳು ಹೇಳಿ ತಪ್ಪಿಸಲೂಬಹುದಿತ್ತು. ಆದರೆ ಅವಳು ನಂಬಿಕೊಂಡಿದ್ದದ್ದು ಆ ನಾಲ್ಕು ಕಾಗದಗಳನ್ನು. ಅವು ಸುಳ್ಳು ಎಂದು ಹೇಳಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ.

"ಪ್ರಮೀಳಮ್ಮ, ಈ ಫೋಟೋದಲ್ಲಿರೋ ಟೈರು ಈ ಗಾಡೀದಲ್ಲ. ನಂದು. ಎಫ್‌ಸಿಗೆ ಅಂತ ಒಂದಿನದ ಬಾಡಿಗೆಗೆ ಕೊಡ್ತೀನಿ. ನಾಲ್ಕು ವರ್ಸಾನೂ ನಾನೇ ಕೊಟ್ಟಿದ್ದೀನಿ."

ಅವಳು ಫೋಟೋ ನೋಡಿ, ಗಾಡಿಯ ಟೈರು ನೋಡಿದಳು. "ಬ್ರೇಕು? ಬ್ರೇಕಾದ್ರೂ ಅವ್ರು ನೋಡಿರ್ತಾರಲ್ಲ?"

"ಅವ್ರು ನೋಡಿದ್ದು ಅವತ್ತೊಂದಿನದ ಗಾಡೀನ. ಬ್ರೇಕು ಒಂದಿನ ಇಡಿಯೋ ಅಂಗೆ ಮಾಡ್ಕೊಡೋರೂ ಇದ್ದಾರೆ ಕಣವ್ವ."

"ಏನ್ ಸಾಬ್ರೇ, ಎಲ್ರೂ ಮಾಡೋದೇ ಅಲ್ವಾ ಇದು?" ಎಂದ ಕುಳ್ಳಯ್ಯ. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ನನ್ನ ಮೇಲೆ ಬೇಜಾರಿತ್ತು. "ನಮ್ ಡ್ರೈವರು ದಾಸಯ್ಯ ತರ್ತಿದ್ದ. ನಿಮ್ದೇ ಅಂತ ನಂಗೇನ್ ಗೊತ್ತು."

ಪ್ರಮೀಳಾ ಅವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ಹಫೀಜಣ್ಣ, ಈಗ ನಮ್ ಮಕ್ಳು ಓಗ್ತಾವ್ರಲ್ಲ, ಮರಿಯಯ್ಯನ ವ್ಯಾನು. ಅದ್ಕೂ ಕೊಟ್ಟಿದ್ರಾ?"

ಮರಿಯಯ್ಯ ನನಗೆ ಹಳೇ ಪರಿಚಯ. ಹೋದ ತಿಂಗಳು ಬಂದು, ಟೀ ಕುಡಿದು, ನಗುನಗುತ್ತಾ ನಾಲ್ಕೂ ಟೈರು ಒಯ್ದಿದ್ದ. ಸಂಜೆ ಹೇಳಿದ ಹೊತ್ತಿಗೆ ತಂದುಕೊಟ್ಟಿದ್ದ. ನಿಯತ್ತಿನ ಮನುಷ್ಯ ಎಂದು ಹೆಂಡತಿಯ ಮುಂದೆ ಹೊಗಳಿದ್ದೆ.

"ಹೂಂ," ಎಂದೆ.

ಅವಳು ಫೋನಿನಲ್ಲಿ ಗಂಟೆ ನೋಡಿದಳು, ಮೂರೂ ಮುಕ್ಕಾಲು. "ಸ್ಕೂಲ್ ಬಿಟ್ಬುಟ್ಟಿರ್ತದೆ," ಎಂದು ತನಗೇ ಹೇಳಿಕೊಂಡು ಸ್ಕೂಟರ್ ಹತ್ತಿದಳು. ನಾನು ಬೈಕಿನ ಕಡೆ ಹೆಜ್ಜೆ ಹಾಕಿದ್ದನ್ನು ಕಂಡು, "ನೀವ್ ಬರ್ಬ್ಯಾಡಿ," ಅಂದಳು. ಹೆಲ್ಮೆಟ್ಟಿನ ಪಟ್ಟಿಯನ್ನೂ ಹಾಕಿಕೊಳ್ಳಲಿಲ್ಲ. ಹಾಗೇ ಬಿಟ್ಟು ಹೊರಟುಹೋದಳು.

ನಾನು ಅಲ್ಲೇ ನಿಂತು ಮರಿಯಯ್ಯನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದ.

"ಮರಿಯಣ್ಣ, ಎಲ್ಲಿದ್ದೀಯೋ ಅಲ್ಲೇ ಗಾಡಿ ನಿಲ್ಸು. ಮಕ್ಳನ್ನ ಇಳ್ಸು. ನನ್ ನಾಲ್ಕೂ ಟೈರ್ ತಕ್ಕೊಂಡು ಈಗ್ಲೇ ಬತ್ತೀನಿ, ನೀನೇ ಮಡಿಕೋ, ಏನೂ ಕೊಡ್ಬ್ಯಾಡ."

ಅವನ ದನಿಯ ಹಿಂದೆ ವ್ಯಾನಿನ ತುಂಬ ಮಕ್ಕಳ ಗಲಾಟೆ ಕೇಳುತ್ತಿತ್ತು. ಮರಿಯಯ್ಯ ನಕ್ಕ.

"ಎಫ್‌ಸಿ ಆಗೋಯ್ತಲ್ಲ ಕಣ್ಲಾ ಹಫೀಜ, ಇನ್ಯಾಕ್ಲಾ ಟೈರು?" ಎಂದು ಫೋನು ಇಟ್ಟ.