ಮಾಯಾಳ ಅಂಗಾಲು

ಸಾವಳಗಿಯ ತಂಗೆವ್ವ ಸುಲಭಕ್ಕೆ ಸೋಲುವ ಹೆಂಗಸಲ್ಲ. ಅಂಥವಳನ್ನೂ ಐದು ವರ್ಷದ ಮೊಮ್ಮಗಳ ಅಂಗಾಲು ಸೋಲಿಸುತ್ತ ಬಂದಿತ್ತು. ದೀಪಾವಳಿ ಕಳೆದ ಮೇಲೆ ಶುರುವಾದ ತುರಿಕೆ ಅದು. ಮಾಯಾ ಊಟಕ್ಕೆ ಕೂತಲ್ಲಿ ಹಿಮ್ಮಡಿಯನ್ನು ನೆಲಕ್ಕೆ ತಿಕ್ಕುತ್ತಿದ್ದಳು, ಅಂಗನವಾಡಿಯಲ್ಲಿ ಕಿಟಕಿಯ ಸರಳಿಗೆ ಪಾದ ಉಜ್ಜುತ್ತಿದ್ದಳು, ಮಲಗಿದ ಮೇಲಂತೂ ಒಂದು ಕಾಲಿನಿಂದ ಇನ್ನೊಂದನ್ನು ಕೆರೆದು ಕೆರೆದು ಹಾಸಿಗೆಯನ್ನೇ ಮುದ್ದೆ ಮಾಡುತ್ತಿದ್ದಳು. ಹಿಡಿದು ನೋಡಿದರೆ ಅಲ್ಲಿ ಏನೂ ಇಲ್ಲ. ಗುಳ್ಳೆಯಿಲ್ಲ, ಗಂಧೆಯಿಲ್ಲ, ಬಿರುಕಿಲ್ಲ. ಅವಳ ಉಗುರಿನ ಗೀರುಗಳು ಮಾತ್ರ.

ಕಣ್ಣಿಗೆ ಕಾಣದ ಕಾಯಿಲೆಗೆ ಊರೆಲ್ಲ ವೈದ್ಯರೇ. ಕಬ್ಬು ಕಡಿದ ಹೊಲದಲ್ಲಿ ಬರಿಗಾಲಲ್ಲಿ ಆಡಿದ್ದಾಳೆ, ರವದಿಯ, ಆ ಒಣ ಸೋಗೆಯ, ಸುಂಕು ಚುಚ್ಚಿದೆ ಎಂದರು ಕೆಲವರು. ಜಮಖಂಡಿಯ ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಬೂಟಿನ ಕೆಲಸ ಎಂದರು ಇನ್ನು ಕೆಲವರು. ಪಕ್ಕದ ಮನೆಯ ಬನಶಂಕರಿ ಮಾತ್ರ, ಹುಡುಗಿಯ ಕಾಲಿನ ಬೆಳ್ಳಿ ಚೈನಿಗೆ ಯಾರದೋ ಕಣ್ಣು ತಾಗಿದೆ ಎಂದು ಖಡಾಖಂಡಿತವಾಗಿ ಹೇಳಿದಳು. ಚೈನು ಬಿಚ್ಚಿಟ್ಟರು. ಬೂಟು ಬಿಸಾಕಿದರು. ತುರಿಕೆ ಇದ್ದಲ್ಲೇ ಇತ್ತು.

ಮಾಯಾಳ ಅಪ್ಪ ದುಂಡೇಶ ಜಮಖಂಡಿ ಡಿಪೋದಲ್ಲಿ ಕಂಡಕ್ಟರ್. ಅವ್ವ ವೈಶಾಲಿ ರಬಕವಿಯ ಕಡೆಯ ಹುಡುಗಿ, ಊರಿನ ಸೊಸೈಟಿಯಲ್ಲಿ ಗುಮಾಸ್ತೆ. ಇಬ್ಬರೂ ರಜೆ ಹಾಕಿ ಮಗಳನ್ನು ಪೇಟೆಯ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದರು. ಅವರು ಪಾದಗಳನ್ನು ಬೆಳಕಿಗೆ ಹಿಡಿದು ನೋಡಿ, ಒಣ ಚರ್ಮ, ಏನೂ ಚಿಂತೆಯಿಲ್ಲ ಅಂದು ಮುಲಾಮು, ಔಷಧ ಬರೆದುಕೊಟ್ಟರು. ಔಷಧಕ್ಕೆ ಹುಡುಗಿ ಒಂದಿಷ್ಟು ದಿನ ನಿದ್ದೆ ಮಾಡಿದಳು. ಬಾಟಲಿ ಮುಗಿಯಿತು, ನಿದ್ದೆಯೂ ಮುಗಿಯಿತು.

ಆಗ ತಂಗೆವ್ವ ತನ್ನ ಕೈ ಮುಂದೆ ಮಾಡಿದಳು.

ಅವಳ ಕೈಗೆ ಓಣಿಯಲ್ಲಿ ಹೆಸರಿತ್ತು. ಗಂಡ ಅಮಸಿದ್ದಪ್ಪ ಬದುಕಿರುವ ತನಕ ಬೀರೇಶ್ವರನ ಪೂಜಾರಿ. ಅವನು ಹೋದ ಮೇಲೆ ಗುಡಿಯ ಪೂಜೆ ಅಣ್ಣತಮ್ಮಂದಿರ ಪಾಲಿಗೆ ಹೋಯಿತು, ಭಂಡಾರದ ಚೀಲ ಮಾತ್ರ ಮನೆಯ ದೇವರ ಜಗಲಿಯ ಮೇಲೆಯೇ ಉಳಿಯಿತು. ದೇವರ ಮುಂದಿಟ್ಟ ಆ ಅರಿಶಿನದ ಪುಡಿಗೆ ಜನ ಬರುತ್ತಿದ್ದರು. ಕೂಸು ಹಾಲು ಬಿಟ್ಟರೂ ಭಂಡಾರ, ಎಮ್ಮೆ ಒದ್ದರೂ ಭಂಡಾರ. ಎಷ್ಟೋ ಸಲ ತಾನಾಗಿ ಗುಣವಾಗುವಂಥದ್ದು ಗುಣವಾಗುತ್ತಿತ್ತು, ಹೆಸರು ತಂಗೆವ್ವನ ಕೈಗೆ ಬರುತ್ತಿತ್ತು. ಬಂದ ಹೆಸರನ್ನು ಯಾರು ತಾನೇ ಬಾಗಿಲಿಂದ ತಿರುಗಿಸಿ ಕಳಿಸುತ್ತಾರೆ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ.

"ಅಮಾಸಿ ಮಟ ಹಚ್ಚತೇನಿ," ಎಂದಳು ಸೊಸೆಗೆ. "ಅಲ್ಲೀತನ ಸಬಕಾರ ಮುಟ್ಟಸಬ್ಯಾಡ. ಹಸಿ ಅರವಿಲೆ ಮೈ ಒರಸು, ಸಾಕು. ನಡುವ ತೊಳದ್ರ ನಡಕೊಂಡದ್ದೆಲ್ಲ ನೀರಪಾಲು."

ಇದು ಆ ಮನೆತನದ ನೇಮ. ಭಂಡಾರ ಹಚ್ಚಲು ಹಿಡಿದರೆ ಅಮಾವಾಸ್ಯೆಯ ದಿನವೇ ತೊಳೆಯುವುದು. ದಿನಾ ಸಂಜೆ ಬೀರಪ್ಪನ ಜಗಲಿಯ ಮುಂದೆ ಮಾಯಾಳನ್ನು ಕೂರಿಸಿಕೊಂಡು ಎಣ್ಣೆಯಲ್ಲಿ ಕಲಸಿದ ಭಂಡಾರವನ್ನು ಅಂಗಾಲಿಗೆ ತಿಕ್ಕುತ್ತಿದ್ದಳು. ಅಂಗೈಯೂ ತುರಿಸುತ್ತದೆ ಎಂದಾಗ ಅಂಗೈಗೆ, ತೋಳು ಎಂದಾಗ ತೋಳಿಗೆ. ಕೊನೆಗೆ ಹಣೆ, ಕೆನ್ನೆ, ಹೊಟ್ಟೆ, ಎಲ್ಲ ಕಡೆ. ಮೊದಮೊದಲು ತುರಿಕೆ ಎಳ್ಳಷ್ಟೂ ಇಳಿಯಲಿಲ್ಲ. ಊರ ಮಕ್ಕಳಿಗೆಲ್ಲ ಗುಣ ಆಗುವುದು ನನ್ನ ಕೂಸಿಗೆ ಯಾಕಪ್ಪ ಆಗವಲ್ದು ಎಂದು ತಂಗೆವ್ವ ಜಗಲಿಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ ಒಂದು ಸಂಜೆ ಮಾಯಾ ತಾನಾಗಿಯೇ ಹೇಳಿದಳು: "ಆಯಿ, ಇವತ್ತ ಕಡಿಮ್ಯಾಗೈತಿ."

ಅವತ್ತು ತಂಗೆವ್ವ ಓಣಿಗೆಲ್ಲ ಬೆಲ್ಲ ಹಂಚಿದಳು.

ಅಮಾವಾಸ್ಯೆ ಬಂತು. ಗುಣ ಹಿಡಿದಿರುವಾಗ ಅರ್ಧಕ್ಕೆ ಬಿಡಬಾರದು, ಇನ್ನೊಂದು ಅಮಾವಾಸ್ಯೆಯ ತನಕ ನಡೆಯಲಿ ಎಂದು ತಂಗೆವ್ವ ತೀರ್ಮಾನಿಸಿದಳು. ಅವಳು ಹಿಡಿದ ಮೊಲಕ್ಕೆ ಎಂದಿದ್ದರೂ ಮೂರೇ ಕಾಲು. ಅದು ಬಂದಾಗ ಮತ್ತೊಂದು ಎಂದಳು.

ವೈಶಾಲಿಗೆ ಮಾತ್ರ ಮನಸ್ಸು ತಡೆಯುತ್ತಿರಲಿಲ್ಲ. ಹುಡುಗಿ ಸೊರಗುತ್ತಿದ್ದಳು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಒಂದು ಭಾನುವಾರ ಬಟ್ಟೆ ಒಗೆಯಲು ಕೂತವಳು ಮಗಳ ಚಡ್ಡಿಯನ್ನು ಎತ್ತಿಕೊಂಡು ಅತ್ತೆಯ ಮುಂದೆ ಬಂದು ನಿಂತಳು.

"ಅತ್ಯಾರ, ಇದನ್ನ ನೋಡ್ರಿ. ಉಚ್ಚಿ ಎಷ್ಟ ಹಳದಿ ಹೊಂಟೈತಿ."

"ಭಂಡಾರ ಹಚ್ಚಿದ ಹುಡುಗಿ ಅರವಿ ಹಳದಿ ಆಗದ ಬಿಳೇವ ಆಗತಾವೇನ?"

"ಕಣ್ಣಾಗೂ ಹಳದಿ ಕಾಣತೈತ್ರಿ."

"ಪುಡಿ ಬಿದ್ದಿರತೈತಿ. ಅದಕೂ ಕೈ ಸುಮ್ಮ ಇರಂಗಿಲ್ಲ, ಮಾರಿ ತಿಕ್ಕೋತೈತಿ."

"ಆತ್ರಿ, ಒಮ್ಮಿ ಬಾಗಲಕೋಟಿಗೆ ಕರಕೊಂಡ ಹೋಗಿ ದೊಡ್ಡ ಡಾಕ್ಟರಿಗೆ ತೋರಸೂಣು. ನನಗ್ಯಾಕೋ ಜೀವ ಸುಮ್ಮ ಕುಂಡರವಲ್ದು."

ತಂಗೆವ್ವನ ಸಿಟ್ಟು ನೆತ್ತಿಗೇರಿತು. "ದವಾಖಾನಿ ಒಂದ ನೋಡಿ ಬಂದೀರಲ್ಲ. ಏನ ಮಾಡಿದ್ರು? ಕಡಿಮಿ ಮಾಡಿದ್ದು ಯಾರು? ನಿನ್ನ ಡಾಕ್ಟರೋ, ನಮ್ಮ ಬೀರಪ್ಪನೋ?"

ಮಾತಿಗೆ ಮಾತು ಬೆಳೆಯಿತು. ದುಂಡೇಶ ಡ್ಯೂಟಿ ಮುಗಿಸಿ ಅದೇ ಹೊತ್ತಿಗೆ ಮನೆಗೆ ಬಂದ. ದಿನವಿಡೀ ಬಸ್ಸಿನಲ್ಲಿ ಸೀಟಿನ ಜಗಳ ಬಿಡಿಸಿ ಬಂದವನಿಗೆ ಮನೆಯಲ್ಲಿ ಅವ್ವ ಒಂದು ಕಡೆ, ಹೆಂಡತಿ ಒಂದು ಕಡೆ. ಅವನು ತನಗೆ ತಿಳಿದ ನ್ಯಾಯ ಮಾಡಿದ. ಮಗಳನ್ನೇ ಕರೆದು ಕೇಳಿದ.

"ಮಾಯಾ, ಖರೆ ಹೇಳು. ಕಾಲಿಂದು ಕಡಿಮಿ ಆಗೈತೋ ಇಲ್ಲೋ?"

ಹುಡುಗಿ ಅಪ್ಪನನ್ನು ನೋಡಲಿಲ್ಲ. ಅಜ್ಜಿಯ ಮುಖ ನೋಡಿದಳು. "ಆಗೈತಿ," ಎಂದಳು.

"ಕೇಳಿದೇನವಾ?" ಎಂದು ತಂಗೆವ್ವ ಸೊಸೆಯ ಕಡೆ ತಿರುಗಿದಳು. ವೈಶಾಲಿ ಚಡ್ಡಿಯನ್ನು ನೀರಿನಲ್ಲಿ ಅದ್ದಿ ತಿಕ್ಕತೊಡಗಿದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಅತ್ತೆ ಸೊಸೆಯರ ಜಗಳದಲ್ಲಿ ಏನಾಗುತ್ತದೆ ಎಂದು ಹೇಳುವ ಗಾದೆ ಯಾಕೋ ಇಲ್ಲ.

ಯುಗಾದಿಯ ಹಿಂದಿನ ಅಮಾವಾಸ್ಯೆಗೆ ನೇಮ ಮುಗಿಯಿತು. ಬೆಳಿಗ್ಗೆಯೇ ತಂಗೆವ್ವ ಬಚ್ಚಲಿನ ಹಂಡೆಗೆ ಉರಿ ಹಾಕಿ, ಕಡಲೆಹಿಟ್ಟು, ಸಾಬೂನು ಎರಡನ್ನೂ ತಂದಿಟ್ಟುಕೊಂಡು ಮೊಮ್ಮಗಳನ್ನು ಕಲ್ಲಿನ ಮೇಲೆ ಕೂರಿಸಿದಳು. ಖುಷಿಯಲ್ಲಿದ್ದಳು. ಹೊಸ ಲಂಗ ಹಾಕಿ ಗುಡಿಗೆ ಕರೆದುಕೊಂಡು ಹೋಗುವುದು, ತೆಂಗಿನಕಾಯಿ ಒಡೆಸುವುದು ಎಂದೆಲ್ಲ ಹೇಳುತ್ತ ಬಿಸಿನೀರು ಹೊಯ್ದಳು. ತಿಂಗಳುಗಳ ಭಂಡಾರ ಕರಗಿ ಹರಿಯಿತು. ಬಚ್ಚಲೆಲ್ಲ ಹಳದಿ. ಮತ್ತೊಂದು ತಂಬಿಗೆ, ಇನ್ನೂ ಹಳದಿ. ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ಈ ಸಲ ನೀರು ತಿಳಿಯಾಗಿ ಹರಿಯಿತು.

ನೀರು ತಿಳಿಯಾಯಿತು, ಹುಡುಗಿ ತಿಳಿಯಾಗಲಿಲ್ಲ.

ತಂಗೆವ್ವ ಸಾಬೂನು ತೆಗೆದುಕೊಂಡಳು. ತೋಳು ತಿಕ್ಕಿದಳು, ಎದೆ ತಿಕ್ಕಿದಳು. ಜಿಡ್ಡು ಚರ್ಮಕ್ಕೆ ಹಿಡಿದಿದೆ ಎಂದುಕೊಂಡು ತೆಂಗಿನ ನಾರು ತೆಗೆದುಕೊಂಡಳು. ಹೊಟ್ಟೆಯ ಮೇಲೆ ನೊರೆ ಎದ್ದಿತು. ನೊರೆ ಬೆಳ್ಳಗೆ, ಅದರ ಕೆಳಗಿನ ಹೊಟ್ಟೆ ಹಳದಿ. ನೀರು ಹೊಯ್ದಳು, ಮತ್ತೆ ತಿಕ್ಕಿದಳು. ಕೈ ನಿಲ್ಲುತ್ತಿರಲಿಲ್ಲ.

"ಆಯಿ, ಉರೀತೈತಿ," ಎಂದಳು ಮಾಯಾ. ಜೋರಾಗಿ ಕೂಡ ಹೇಳಲಿಲ್ಲ.

ತಂಗೆವ್ವ ನಾರು ಬಿಟ್ಟಳು. ಒದ್ದೆ ಬೆರಳಿನಿಂದ ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಕೆಳಗೆಳೆದು ನೋಡಿದಳು. ಆಮೇಲೆ ಉಗುರು ನೋಡಿದಳು. ಇದು ಅವಳಿಗೆ ತಿಳಿಯದ ಸಂಗತಿಯಲ್ಲ. ಬೇರೆಯವರ ಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕಣ್ಣು ನೋಡಿ, "ಇದಕ ಕಾಮಾಣಿ ಆಗೈತಿ, ದವಾಖಾನಿಗೆ ಓಡ್ರಿ" ಎಂದು ಎಷ್ಟು ತಾಯಂದಿರನ್ನು ಅವಳೇ ಬೈದು ಕಳಿಸಿರಲಿಲ್ಲ? ಕಾಮಾಲೆ ಕಣ್ಣಿನವರಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಈ ಮನೆಯಲ್ಲಿ ಎಲ್ಲವನ್ನೂ ಮೊದಲೇ ಹಳದಿ ಮಾಡಿಟ್ಟಿದ್ದರಿಂದ ಕಾಮಾಲೆಯೇ ಕಾಣಲಿಲ್ಲ. ದೇವರನ್ನು ದೂರಿ ಫಲವಿಲ್ಲ. ಬೀರಪ್ಪ ತೊಳೆಯಬೇಡ ಎಂದು ಯಾರ ಕಿವಿಯಲ್ಲೂ ಹೇಳಿರಲಿಲ್ಲ.

"ವೈಶಾಲೀ," ಎಂದು ಕೂಗಿದಳು. ಎರಡನೆಯ ಸಲ ಕೂಗಿದಾಗ ವೈಶಾಲಿ ಒಳಗಿಂದ ಓಡಿ ಬಂದಳು. ಬಚ್ಚಲಿನ ಬಾಗಿಲಲ್ಲಿ ನಿಂತು, ಬೆತ್ತಲೆ ಕೂತ ಮಗಳನ್ನು ಬಿಸಿಲಿನ ಬೆಳಕಲ್ಲಿ ನೋಡಿದಳು. ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದಳು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರು, ಮಂಚ ಕೊಟ್ಟು ಮಲಗಿಸಿದರು. ಮರುದಿನ ಮಧ್ಯಾಹ್ನ ಮಕ್ಕಳ ಡಾಕ್ಟರಮ್ಮ ಬಂದು ದುಂಡೇಶನನ್ನೂ ವೈಶಾಲಿಯನ್ನೂ ಮಂಚದಿಂದ ಒಂದಷ್ಟು ಆಚೆಗೆ ಕರೆದು ಹೇಳಿದರು. ಮೊಮ್ಮಗಳ ಮಂಚದ ಹತ್ತಿರ ಕೂತಿದ್ದ ತಂಗೆವ್ವ ಕಿವಿ ಅಲ್ಲೇ ಇಟ್ಟಿದ್ದಳು.

"ಪಿತ್ತ ಇಳಿಯೋ ನಾಳ ಕಟ್ಟಿಕೊಂಡಿದೆ. ಹುಟ್ಟಿನಿಂದಲೇ ಅಲ್ಲಿ ದೋಷ ಇದೆ. ಕೆಳಗೆ ಇಳೀಬೇಕಾದದ್ದು ರಕ್ತಕ್ಕೆ ಸೇರಿದೆ. ಅಂಗೈ, ಅಂಗಾಲು ತುರಿಸಿದ್ದು ಅದಕ್ಕೇ, ಚರ್ಮದ ರೋಗ ಅಲ್ಲ."

"ಆಪರೇಶನ್ ಮಾಡಿದ್ರ ಆರಾಮ ಆಗತಾಳಲ್ರೀ?" ದುಂಡೇಶ ಕೇಳಿದ.

"ಬೆಳಗಾವಿಗೆ ಬರೆದುಕೊಡ್ತೀನಿ, ಅಲ್ಲಿ ಮಾಡ್ತಾರೆ. ನಾಳ ಸರಿಮಾಡಬಹುದು. ಆದರೆ ಲಿವರ್ ಆಗಲೇ ಗಟ್ಟಿಯಾಗಿದೆ. ಅದು ಎಷ್ಟರ ಮಟ್ಟಿಗೆ ಚೇತರಿಸಿಕೊಳ್ಳುತ್ತೋ ನಾನು ಹೇಳಲಾರೆ. ಹಳದಿ ಕಂಡ ಕೂಡಲೇ ಬಂದಿದ್ದರೆ ಬೇರೆ ಮಾತು."

ವೈಶಾಲಿ ಅತ್ತೆಯ ಕಡೆ ತಿರುಗಿ ನೋಡಲಿಲ್ಲ. ನೋಡಿ ಎರಡು ಮಾತು ಬೈದಿದ್ದರೂ ತಂಗೆವ್ವನಿಗೆ ಹಗುರವಾಗುತ್ತಿತ್ತು.

ಡಾಕ್ಟರಮ್ಮ ಮಂಚದ ಹತ್ತಿರ ಬಂದು ಹುಡುಗಿಯ ಪಾದ ಮುಟ್ಟಿ ನೋಡಿದರು. "ಈ ತುರಿಕೆ ನಡುವೆ ಯಾವಾಗಾದರೂ ಕಡಿಮೆ ಆಗಿತ್ತಾ?"

ತಂಗೆವ್ವ ಎದ್ದು ನಿಂತಳು. ಕೊಚ್ಚಿಹೋಗುವವಳಿಗೆ ಕೈಗೆ ಸಿಕ್ಕ ಬೇರು ಅದೊಂದೇ. ತನ್ನ ಕೈಯಿಂದ ಕೆಡುಕಾದದ್ದು ಖರೆ. ಆದರೆ ಆ ಕೈ ಹುಡುಗಿಗೆ ಒಂದಷ್ಟು ದಿನವಾದರೂ ಸುಖ ಕೊಟ್ಟಿತ್ತಲ್ಲ. ಅಷ್ಟನ್ನಾದರೂ ಉಳಿಸಿಕೊಳ್ಳಬೇಕಿತ್ತು.

"ಆಗಿತ್ರಿ ಬಾಯಾರ. ಭಂಡಾರ ಹಚ್ಚಿದ ಮ್ಯಾಲೆ ಕಡಿಮಿ ಆಗಿತ್ತು. ಬೇಕಾದ್ರ ಹುಡುಗಿನ ಕೇಳ್ರಿ."

ಡಾಕ್ಟರಮ್ಮ ಮಾಯಾಳ ಕಡೆ ಬಾಗಿದರು. "ಹೌದೇನು ಪುಟ್ಟಿ? ಸರಿಯಾಗಿ ಹೇಳಿದರೆ ಔಷಧ ಕೊಡೋಕೆ ಅನುಕೂಲ ಆಗುತ್ತೆ."

ಮಾಯಾ ಕೈಗೆ ಚುಚ್ಚಿದ ಸೂಜಿಯನ್ನು ನೋಡಿಕೊಂಡಳು. ಅವ್ವನನ್ನು ನೋಡಿದಳು. "ಆಗಿದ್ದಿಲ್ಲ," ಎಂದಳು.

"ಆಗೈತಿ ಅಂತ ಹೇಳಿದ್ಯಲ್ಲವಾ ನನ್ನ ಮುಂದ," ಎಂದಳು ತಂಗೆವ್ವ.

"ಇಲ್ಲ ಅಂದ್ರ ನೀ ಬೀರಪ್ಪನ ಮುಂದ ಕುಂತ ಅಳತಿದ್ದಿ, ಆಯಿ. ಅದಕ್ಕ ಹಂಗ ಹೇಳಿದ್ನಿ. ನೀ ಮಲಗಿದ ಮ್ಯಾಲೆ ಕಂಬಳಿ ಒಳಗ ಕೆರಕೋತಿದ್ನಿ."

ದುಂಡೇಶ ಗೋಡೆಯ ಕಡೆ ಮುಖ ಮಾಡಿ ನಿಂತ. ವೈಶಾಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರಮ್ಮ ಹುಡುಗಿಯ ತಲೆ ನೇವರಿಸಿ ಮುಂದಿನ ಮಂಚಕ್ಕೆ ಹೋದರು.

ತಂಗೆವ್ವ ಮಂಚದ ತುದಿಯಲ್ಲಿ, ಮೊಮ್ಮಗಳ ಕಾಲಿನ ಹತ್ತಿರ ಕೂತಳು. ಐದು ವರ್ಷದ ಕೂಸು ತಿಂಗಳುಗಟ್ಟಲೆ ತನ್ನನ್ನು ಸಮಾಧಾನ ಮಾಡಿತ್ತು, ಅದರ ನೋವಿನ ಮೇಲೆ ತಾನು ಓಣಿಗೆ ಬೆಲ್ಲ ಹಂಚಿದ್ದಳು. ಎದೆಯೊಳಗೆ ಅಳು ಕಲ್ಲಿನಂತೆ ಕೂತಿತ್ತು. ಅದನ್ನು ಮೇಲೆ ಬರಲು ಬಿಡಬಾರದು ಎಂದು ಅವಳಿಗೆ ಈಗ ಗೊತ್ತಾಗಿತ್ತು.

"ನನ್ನವ್ವ, ಈಗ ಹೆಂಗೈತಿ? ನಾ ಅಳಂಗಿಲ್ಲ. ಖರೆ ಹೇಳು."

ಮಾಯಾ ಅಜ್ಜಿಯ ಕಣ್ಣನ್ನೇ ನೋಡಿದಳು. ನಿಜವಾಗಿಯೂ ಅಳುವುದಿಲ್ಲವೇ ಎಂದು ಪರೀಕ್ಷೆ ಮಾಡುವವಳ ಹಾಗೆ ಬಹಳ ಹೊತ್ತು ನೋಡಿದಳು.

"ಭಾಳ ತುರಸ್ತಾವ, ಆಯಿ," ಎಂದಳು.

ತಂಗೆವ್ವ ಎದ್ದಳು. ವಾರ್ಡಿನ ಆ ತುದಿಯಲ್ಲಿ ಕೂತಿದ್ದ ನರ್ಸಿನ ಹತ್ತಿರ ನಡೆದು ಹೋಗಿ, "ಬಾಯಾರ, ನಮ್ಮ ಹುಡುಗಿಗೆ ಕಾಲು ಭಾಳ ತುರಸಾಕತ್ತಾವ, ಏನರ ಔಷಧ ಕೊಡ್ರಿ," ಎಂದು ಕೇಳಿದಳು.