ಬದನೆ ಸಾಲಿನ ಎದುರುಗೈ

ಬದನೆ ಗಿಡ ಕಳ್ಳ ಗಿಡ. ಬೆಂಡೆಯ ಹಾಗೆ ಕಾಯಿಯನ್ನು ಮೇಲೆತ್ತಿ ತೋರಿಸುವುದಿಲ್ಲ, ಮೆಣಸಿನ ಹಾಗೆ ಬಣ್ಣ ಬಳಿದುಕೊಂಡು ಕರೆಯುವುದಿಲ್ಲ. ಅಗಲ ಎಲೆಯ ಕೆಳಗೆ, ಮುಳ್ಳು ತೊಟ್ಟಿನ ಹಿಂದೆ ಕಾಯಿ ಬಚ್ಚಿಟ್ಟುಕೊಂಡು, ತನ್ನ ಹತ್ತಿರ ಏನೂ ಇಲ್ಲ ಎನ್ನುವ ಹಾಗೆ ನಿಂತಿರುತ್ತದೆ. ಈಚೆಯಿಂದ ಕಂಡದ್ದು ಆಚೆಯಿಂದ ಕಾಣದು. ಅದಕ್ಕೇ ಯರಗಟ್ಟಿ ಹತ್ತಿರದ ಆ ಊರಿನಲ್ಲಿ, ಕೆರೆಯ ಕೆಳಗಿನ ಕೂಡು ತೋಟದಲ್ಲಿ, ಒಂದು ಬದನೆ ಸಾಲಿಗೆ ಇಬ್ಬರು ಹೆಂಗಸರು ಬೇಕು. ಒಬ್ಬಳು ಈಚೆ, ಒಬ್ಬಳು ಆಚೆ. ಮುಖಕ್ಕೆ ಮುಖ ಕೊಟ್ಟು ಕೂತು ಸಸಿ ಹಚ್ಚಬೇಕು, ಕಳೆ ಕೀಳಬೇಕು, ಕಾಯಿ ಹರಿದು ಪುಟ್ಟಿ ತುಂಬಬೇಕು. ಎದುರಿಗೆ ಕೂತವಳಿಗೆ ಎದುರುಗೈ ಎಂದು ಹೆಸರು.

ಎದುರುಗೈ ಇಲ್ಲದವಳಿಗೆ ಸಾಲು ಸಿಗದು. ಅವಳು ಬಿಡಿಗೈ. ಗೊಬ್ಬರ ಹೊರು ಎಂದರೆ ಹೊರಬೇಕು, ಬೇಲಿ ಕಟ್ಟು ಎಂದರೆ ಕಟ್ಟಬೇಕು, ದಿನಕ್ಕೊಂದು ಕಡೆ. ಊರ ಹಕ್ಕಿನ ಆ ನೆಲವನ್ನು ಓಣಿಯ ಹೆಂಗಸರೆಲ್ಲ ಸೇರಿ ಮಳೆಗಾಲದ ಕೊನೆಯಿಂದ ಬಾವಿಯ ನೀರು ತಳ ಕಾಣುವವರೆಗೆ ಮಾಡುತ್ತಿದ್ದರು. ಮೊದಲಿನಿಂದ ನಡೆದು ಬಂದ ಕಟ್ಟಳೆ ಅದು. ಅದನ್ನು ಕಾಯುವವಳು ಕಾಡವ್ವ. ದನಿ ದೊಡ್ಡದು, ಮನಸ್ಸು ಅಷ್ಟು ಕೆಟ್ಟದ್ದಲ್ಲ.

ಸೋಮವ್ವನ ಎದುರುಗೈ ಜಮೀಲಾಬಿ. ಇಬ್ಬರೂ ಕಪ್ಪು ತಲೆಗೂದಲಿನವರಾಗಿದ್ದಾಗ ಹಿಡಿದ ಸಾಲು ಅದು, ಬಾವಿಯ ಕಡೆಯಿಂದ ಮೊದಲನೆಯದು. ಮನೆಯಲ್ಲಿ ಸೋಮವ್ವನಿಗೆ ಕೊರತೆ ಇರಲಿಲ್ಲ. ಮಗ ಶಿವಲಿಂಗ, ಸೊಸೆ, ಮೊಮ್ಮಕ್ಕಳು, ಹೊತ್ತಿಗೆ ರೊಟ್ಟಿ. ಆದರೆ ಆಡುವ ಮಾತೆಲ್ಲ ಅವಳು ಸಾಲಿಗೆ ಕೂಡಿಟ್ಟುಕೊಳ್ಳುತ್ತಿದ್ದಳು. ಅಲ್ಲಿ ಅರ್ಧ ಆಡಿದರೆ ಸಾಕಿತ್ತು, ಉಳಿದರ್ಧ ಗಿಡದ ಆಚೆಯಿಂದ ಬರುತ್ತಿತ್ತು.

ಈ ವರ್ಷ ಮಳೆ ಹಿಡಿಯುವ ಮುಂಚೆ ಜಮೀಲಾಬಿ ಬೈಲಹೊಂಗಲಕ್ಕೆ ಹೋದಳು. ಮಗಳು ಮಹೇಕ್ ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಳು, ಕೂಸು ಹುಟ್ಟಿತ್ತು, ನೋಡಿಕೊಳ್ಳುವವರು ಬೇಕಿತ್ತು.

ಸಾಲು ಹಿಡಿಯುವ ದಿನ ಎಲ್ಲರೂ ಜೋಡಿ ಜೋಡಿಯಾಗಿ ನಿಂತರು. ಸೋಮವ್ವ ಒಬ್ಬಳೇ ತನ್ನ ಸಾಲಿನ ತಲೆಗೆ ಹೋಗಿ ಸಸಿಯ ಪುಟ್ಟಿ ಇಳಿಸಿದಳು.

"ಸೋಮವ್ವಾ, ನಿನ್ನ ಎದುರುಗೈ ಎಲ್ಲವಾ?" ಎಂದಳು ಕಾಡವ್ವ.

"ಬರತಾಳ."

"ಎಲ್ಲಿಂದ? ಬೈಲಹೊಂಗಲದಾಗ ಕುಂತಾಕಿ ಕೈ ಇಲ್ಲಿತನಕಾ ಉದ್ದ ಆಗೇತೇನು?"

ಹೆಂಗಸರು ನಕ್ಕರು. "ಬಸ್ಸಿಗೆ ಬರಾಕ ಹತ್ಯಾಳ," ಎಂದಳು ಸೋಮವ್ವ. ಹಿಂದಿನ ದಿನ ಫೋನಿನಲ್ಲಿ ಕೇಳಿದ್ದಕ್ಕೆ ಜಮೀಲಾಬಿ 'ನೋಡೂಣು' ಎಂದಷ್ಟೇ ಅಂದಿದ್ದಳು. ಅದನ್ನೇ ಗಟ್ಟಿ ಮಾಡಿಕೊಂಡು ಸೋಮವ್ವ ನಿಂತಿದ್ದಳು.

ಕಾಡವ್ವ ಮತ್ತೊಬ್ಬಳ ಕಡೆ ಕೈ ಮಾಡಿದಳು. ಓಣಿಗೆ ಹೊಸದಾಗಿ ಬಂದ ಸೊಸೆ ರಂಜನಾ, ಎಂ.ಕೆ. ಹುಬ್ಬಳ್ಳಿ ಕಡೆಯ ಹುಡುಗಿ. ಕಬ್ಬಿನ ನಾಡಿನವಳು, ಬದನೆ ಗಿಡವನ್ನು ಹತ್ತಿರದಿಂದ ನೋಡಿದವಳಲ್ಲ. "ಈಕಿಗೂ ಜೋಡಿಲ್ಲ, ನಿನಗೂ ಇಲ್ಲ. ಕೂಡಿ ಹಿಡೀರಿ, ಹೋತು."

"ನನಗ ಜೋಡಿ ಅದಾಳ ಅಂದ್ನೆಲಾ," ಎಂದಳು ಸೋಮವ್ವ. ರಂಜನಾ ತಲೆ ತಗ್ಗಿಸಿ ಬಿಡಿಗೈಗಳ ಗುಂಪಿಗೆ ಹೋದಳು.

ಬಿಸಿಲು ಏರುವ ಹೊತ್ತಿಗೆ ಕೆರೆಯ ಏರಿಯ ಮೇಲೆ ಒಂದು ಆಕೃತಿ ಮೆಲ್ಲಗೆ ಇಳಿದು ಬರುತ್ತಿತ್ತು. ಹತ್ತಿರ ಬರುವ ಮೊದಲೇ ದನಿ ಬಂತು.

"ಎಲ್ಲಾರೂ ಬಾಯಿ ಮುಚ್ಚರಿ! ಜಮೀಲಾಬಿ ಬಂದಾಳ!"

ಕಾಡವ್ವನಿಗೂ ನಗು ತಡೆಯಲಾಗಲಿಲ್ಲ. ಜಮೀಲಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿನ ಆಚೆ ಹೋದಳು. ಕೂರುವಾಗ ಒಂದು ಕೈ ನೆಲಕ್ಕೂರಿದಳು, ತುಟಿ ಕಚ್ಚಿದಳು, ಮೊಣಕಾಲು ಮಡಚದೆ ಒಂದು ಕಾಲನ್ನು ಹಾಗೇ ಉದ್ದಕ್ಕೆ ಬಿಟ್ಟಳು. ಸೋಮವ್ವ ಅದನ್ನು ಕಂಡಳು, ಕಂಡು ಸಸಿಯ ಕಡೆಗೆ ನೋಡಿದಳು. ಒಬ್ಬಳು ಸಸಿ ಹಿಡಿದಳು, ಇನ್ನೊಬ್ಬಳು ಮಣ್ಣು ಒತ್ತಿದಳು. ಸಾಲು ಅವರದಾಯಿತು.

ಸಂಜೆಯ ಬಸ್ಸಿಗೆ ಹೊರಡುವಾಗ ಜಮೀಲಾಬಿ ಹೇಳಿದಳು: "ಕೂಸಿಗೆ ಗೋಣ ನಿಂದ್ರಲಿ ಸೋಮಕ್ಕಾ. ಕಾಯಿ ಬಿಡೂದರಾಗ ಬಂದ ಬಿಡತೇನಿ."

"ಬಾ. ಅಲ್ಲೀತನಕಾ ನಾ ನೋಡಕೋತೇನಿ."

ನೋಡಿಕೊಂಡಳು. ಈಚೆ ಕಳೆ ಕಿತ್ತು, ಎದ್ದು ಸುತ್ತು ಹಾಕಿ, ಆಚೆ ಹೋಗಿ ಕಿತ್ತಳು. ಎರಡೂ ಬದಿಗೆ ಗೊಬ್ಬರ ಕೊಟ್ಟಳು. ಪಕ್ಕದ ಸಾಲುಗಳಲ್ಲಿ ಮಾತು, ನಗು, ಸೊಸೆಯರ ಮೇಲಿನ ದೂರು. ಅವಳ ಸಾಲಿನಲ್ಲಿ ಕುರ್ಪಿಯ ಸದ್ದು ಮಾತ್ರ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬೇರೆಯವರು ಕರೆಯುತ್ತಿದ್ದರು, ಹೋಗುತ್ತಿದ್ದಳು, ತಿಂದು ಬರುತ್ತಿದ್ದಳು. ಅವರ ಮಾತು ಎಲ್ಲೋ ನಡುವಿನಿಂದ ಶುರುವಾಗಿರುತ್ತಿತ್ತು.

ಮಹಾನವಮಿ ಮುಗಿದ ಮೇಲೆ ಹೂ ಕಟ್ಟಿತು. ಸೋಮವ್ವ ಮಗನ ಕೈಲಿ ಜಮೀಲಾಬಿಗೆ ಫೋನು ಹಚ್ಚಿಸಿದಳು.

"ಕೂಸಿಗೆ ಗೋಣ ನಿಂತೇತೇನು?"

"ನಿಂತೇತಿ. ಈಗ ಬೋರಲ ಬೀಳಾಕ ಹತ್ತೇತಿ, ಒಂದ ಗಳಿಗಿ ಬಿಡಂಗಿಲ್ಲ ನೋಡು."

ಕಾಯಿ ಹರಿಯಲು ಶುರುವಾದಾಗ ಮತ್ತೆ ಹಚ್ಚಿಸಿದಳು. ಕೂಸು ಅಂಬೆಗಾಲಿಡುತ್ತಿತ್ತು. ಇನ್ನು ಮೈಯೆಲ್ಲ ಕಣ್ಣಾಗಿರಬೇಕು ಎಂದಳು ಜಮೀಲಾಬಿ. ಆಮೇಲೆ ಸೋಮವ್ವ ಕೇಳಲಿಲ್ಲ.

ಹರಿಯುವ ದಿನ ಅವಳು ಎಲ್ಲರಿಗಿಂತ ಮೊದಲು ತೋಟಕ್ಕೆ ಬರುತ್ತಿದ್ದಳು. ಈಚೆ ಒಂದು ಸಲ, ಆಚೆ ಒಂದು ಸಲ. ಪುಟ್ಟಿ ತುಂಬುತ್ತಿತ್ತು. ಯರಗಟ್ಟಿ ಸಂತೆಗೆ ಹೋಗುವ ಟೆಂಪೊಗೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದಳು. ಆದರೆ ದಿನ ಕಳೆದಂತೆ ಪುಟ್ಟಿ ಹಗುರಾಗುತ್ತ ಬಂತು. ಗಿಡಕ್ಕೆ ವಯಸ್ಸಾಯಿತೇನೋ ಎಂದುಕೊಂಡಳು. ಅಕ್ಕಪಕ್ಕದ ಸಾಲುಗಳು ಇನ್ನೂ ಹೂ ಬಿಡುತ್ತಿದ್ದವು.

ಒಂದು ದಿನ ಹುಳ ಬಿದ್ದಿದೆಯೇ ಎಂದು ನೋಡಲು ಕಾಡವ್ವ ಬಂದಳು. ಮೊದಲ ಗಿಡದ ಟೊಂಗೆಗಳನ್ನು ಎರಡೂ ಕೈಯಿಂದ ಸರಿಸಿದಳು. ಹಾಗೇ ನಿಂತಳು. ಎರಡನೆಯದನ್ನು ಸರಿಸಿದಳು.

"ಸೋಮವ್ವಾ! ಬಾರವಾ ಇಲ್ಲಿ."

ಗಿಡದ ಹೊಟ್ಟೆಯೊಳಗೆ, ನಟ್ಟನಡುವೆ, ಕಾಯಿ ಹಣ್ಣಾಗಿ ಅರಿಶಿನ ಬಳಿದಂತೆ ಹಳದಿಯಾಗಿತ್ತು. ಮುಂದಿನ ಗಿಡದಲ್ಲೂ. ಸಾಲಿನ ಉದ್ದಕ್ಕೂ.

"ಏನ್ ಬೀಜಕ್ಕ ಬಿಟ್ಟೀಯೇನಬೇ? ಇಡೀ ಸವದತ್ತಿ ತಾಲೂಕಿಗೆ ಬೀಜ ಹಂಚಾಕಿ ಏನ ನೀ?"

"ನಾ ಎರಡೂ ಕಡಿ ಹರದೇನಿ," ಎಂದಳು ಸೋಮವ್ವ. "ದೇವರಾಣಿ, ಕಂಡದ್ದ ಒಂದೂ ಬಿಟ್ಟಿಲ್ಲ."

ಅಂದಳು, ಅಂದು ಮಣ್ಣಿನ ಮೇಲೆ ಕೂತುಬಿಟ್ಟಳು. ಕಂಡಿದ್ದಳು. ಪ್ರತಿಯೊಂದನ್ನೂ ಕಂಡಿದ್ದಳು.

ಗಿಡದ ನಡುವೆ ಬಿಡುವ ಕಾಯಿ ಇಬ್ಬರ ಕೈಗೂ ಎಟುಕುತ್ತದೆ. ಅದು ಯಾರದು? ಬೇರೆ ಜೋಡಿಗಳಲ್ಲಿ ಮೊದಲು ಕಂಡವಳದು. ಸೋಮವ್ವ ಜಮೀಲಾಬಿಯರಲ್ಲಿ ಹಾಗಲ್ಲ. ಅದನ್ನು ಎದುರಿನವಳಿಗೆ ಬಿಡಬೇಕು. 'ನೀ ಹರಿ' ಎಂದು ಇವಳು, 'ನೀನ ಹರಿ' ಎಂದು ಅವಳು. ಕೊನೆಗೆ ಯಾರಾದರೊಬ್ಬಳು ಬೈದುಕೊಂಡು ಹರಿದು, ಇನ್ನೊಬ್ಬಳ ಪುಟ್ಟಿಗೆ ಎಸೆಯುವಳು. ಇಷ್ಟು ವರ್ಷದಲ್ಲಿ ಅದು ಮಾತಿನ ಹಂಗಿಲ್ಲದೆ ಕೈಗೇ ಇಳಿದುಹೋಗಿತ್ತು. ಈ ಸಲವೂ ಈಚೆ ಕೂತಾಗ ಸೋಮವ್ವನ ಕೈ ನಡುವಿನ ಕಾಯಿಯನ್ನು ಆಚೆಯವಳಿಗೆ ಬಿಟ್ಟಿತ್ತು. ಸುತ್ತು ಹಾಕಿ ಆಚೆ ಹೋಗಿ ಕೂತಾಗ, ಅದೇ ಕೈ ಅದೇ ಕಾಯಿಯನ್ನು ಈಚೆಯವಳಿಗೆ ಬಿಟ್ಟಿತ್ತು.

"ಅದು ನಂದಲ್ಲ ಕಾಡವ್ವ," ಎಂದಳು. "ಆಕಿ ಪಾಲಿಂದು."

ಕಾಡವ್ವ ಹಿಡಿದಿದ್ದ ಟೊಂಗೆ ಬಿಟ್ಟಳು. ತಾನೂ ಕೆಳಗೆ ಕೂತಳು. "ನೋಡವಾ, ಹಣ್ಣು ಹೊತ್ತ ಗಿಡ ಹೂವ ಬಿಡಂಗಿಲ್ಲ. ನಿನಗ ನಾ ಹೇಳಬೇಕೇನು? ಎಲ್ಲಾರೂ ನನ್ನ ಕೇಳತಾರ, ಸೋಮವ್ವಗೊಂದು ಕಟ್ಟಳಿ, ನಮಗೊಂದೇನು ಅಂತ. ಬರೂ ಸೋಮವಾರ ಎದುರುಗೈ ಕರಕೊಂಡ ಬಾ. ಇಲ್ಲಾ ಸಾಲು ಬಿಡು."

ಮರುದಿನ ಸೋಮವ್ವ ಬೈಲಹೊಂಗಲದ ಬಸ್ಸು ಹತ್ತಿದಳು.

ಮಹೇಕ್ ಹೊಲಿಗೆ ಯಂತ್ರ ನಿಲ್ಲಿಸಿ ಚಹಾ ಮಾಡಲು ಎದ್ದಳು. ಜಮೀಲಾಬಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ಕೂಸು ತೊಡೆಯ ಮೇಲೆ. ಸೋಮವ್ವನನ್ನು ನೋಡಿ ಏಳಲು ಹೋದಳು, ಆಗಲಿಲ್ಲ. "ನೀನ ಹತ್ತರ ಬಾ, ನನಗ ಏಳಾಕ ಇಬ್ಬರ ಬೇಕ ಈಗ," ಎಂದು ನಕ್ಕು ಅವಳ ಕೈ ಹಿಡಿದಳು.

ಚಹಾ ಕುಡಿದರು. ಊರಿನ ಮಾತಾಯಿತು. ಆ ಎಮ್ಮಿ? ಮಾರಿದ್ರು. ಆಕಿ ಸೊಸಿ? ಅದ ಹಾಡ, ಅದ ರಾಗ. ಇಬ್ಬರೂ ನಕ್ಕರು, ಮಹೇಕ್‌ಗೆ ಒಂದೂ ತಿಳಿಯಲಿಲ್ಲ. ಆಮೇಲೆ ಸೋಮವ್ವ ಹಳದಿ ಕಾಯಿಗಳ ಸುದ್ದಿ ಹೇಳಿದಳು. ಜಮೀಲಾಬಿ ಹೊಟ್ಟೆ ಹಿಡಿದು ನಕ್ಕಳು.

"ಹುಚ್ಚಿ! ನಾ ಇಲ್ದಾಗೂ ನನ್ನ ಪಾಲ ಇಟ್ಟೀ?" ನಗು ನಿಂತಿತು. ಕೂಸಿನ ಬೆನ್ನು ತಟ್ಟಿದಳು. "ಆವತ್ತ ಬರತೇನಿ ಅಂದ್ನೆಲಾ, ಬರಂಗಿಲ್ಲ ಅನ್ನೂದು ನನಗ ಗೊತ್ತಿತ್ತು. ನಿನಗೂ ಗೊತ್ತಿತ್ತು."

"ಗೊತ್ತಿತ್ತು."

"ಮತ್ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಖರೇ ಹೇಳಿ ಬಿಡತಿದ್ದಿ."

ಜಮೀಲಾಬಿ ಅವಳ ಮೊಣಕೈಗೆ ಮೆಲ್ಲಗೆ ಗುದ್ದಿದಳು. "ಈಗ ಹೇಳತೇನಿ ಕೇಳು. ನಾ ಬರಂಗಿಲ್ಲ ಸೋಮಕ್ಕಾ. ಈ ವರ್ಷಾನೂ ಇಲ್ಲ, ಮುಂದೂ ಇಲ್ಲ. ನನ್ನ ಕಡಿ ಖಾಲಿ ಇಡಬ್ಯಾಡ."

ಸೋಮವ್ವ ಹೂಂ ಎಂದಳು. ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ಆದರೆ ಹೊರಗೆ ಏನು ಕಂಡಳೆಂದು ಕೇಳಿದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ.

ಸೋಮವಾರ ಅವಳೇ ರಂಜನಾಳ ಮನೆಯ ಮುಂದೆ ಹೋಗಿ ನಿಂತಳು. "ಬಾರವಾ ತಂಗಿ. ನನ್ನ ಸಾಲಿಗೆ ಬಾ."

ರಂಜನಾ ಆಚೆ ಬದಿಗೆ ಕೂತಳು. ಚುರುಕು ಹುಡುಗಿ. ಮುಳ್ಳು ಚುಚ್ಚಿಸಿಕೊಂಡು ಹಾಯ್ ಎನ್ನುತ್ತ ಬೆರಳು ಬಾಯಲ್ಲಿಟ್ಟುಕೊಂಡಳು, ಮತ್ತೆ ಹರಿದಳು. ನಡುವಿನ ಕಾಯಿ ಬಂದಾಗ ಯೋಚಿಸಲಿಲ್ಲ, ಕಿತ್ತು ತನ್ನ ಪುಟ್ಟಿಗೆ ಹಾಕಿಕೊಂಡಳು. ಅದು ತಪ್ಪೂ ಅಲ್ಲ. ಸೋಮವ್ವ ತನ್ನ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು.

ಹುಡುಗಿಯ ಬಾಯಿ ಸುಮ್ಮನಿರುವುದಲ್ಲ. ಮುಂಜಾನೆಯಿಂದ ತವರಿನ ಮಾತು. ಕಬ್ಬಿನ ಟ್ರ್ಯಾಕ್ಟರುಗಳು ಫ್ಯಾಕ್ಟರಿಯ ಮುಂದೆ ಹೇಗೆ ಸಾಲು ಹಿಡಿಯುತ್ತವೆ, ಬೆಲ್ಲದ ವಾಸನೆ ಹೇಗಿರುತ್ತದೆ, ಅಕ್ಕ ಯಶೋಧಾ ಫೋನು ಹಚ್ಚಿದರೆ ಹೇಗೆ ಅಳುತ್ತಾಳೆ. ಸೋಮವ್ವನಿಗೆ ಅದರಲ್ಲಿ ಒಂದೂ ಗೊತ್ತಿಲ್ಲ. ಆದರೂ ಹೂಂ, ಹೂಂ ಎಂದಳು. ಇಷ್ಟು ತಿಂಗಳು ಈ ಮಾತೆಲ್ಲ ಇವಳು ಯಾರ ಹತ್ತಿರ ಆಡುತ್ತಿದ್ದಳು ಎಂದು ಒಂದು ಸಲ ಅನ್ನಿಸಿತು.

"ನಾನ ಒದರಾಕ ಹತ್ತೇನಿ," ಎಂದಳು ರಂಜನಾ. "ನೀವೂ ಏನರೆ ಹೇಳ್ರಲಾ ಅತ್ತಿ."

ಸೋಮವ್ವ ಯೋಚಿಸಿದಳು. "ಏನ ಹೇಳಲಿ... ಒಂದ ವರ್ಷ ಇಲ್ಲೇ, ಹುಣಸಿಮರದ ಬುಡಕ್ಕ, ನಿಜಗುಣಪ್ಪ ಮಲಗಿದ್ದ..."

"ಯಾರ್ರಿ ನಿಜಗುಣಪ್ಪ ಅಂದ್ರ?"

"ನಮ್ಮ ಕಾವಲುಗಾರ. ಮ್ಯಾಲಿನ ಓಣ್ಯಾಗಿದ್ದ. ತೀರಿಕೊಂಡ."

"ಮ್ಯಾಲಿನ ಓಣಿ ಯಾವ ಮನಿ?"

"ಆ ಮನಿ ಈಗ ಇಲ್ಲವಾ. ಅಲ್ಲಿ ಸೊಸೈಟಿ ಕಟ್ಯಾರ."

"ಹೌದ್ರಿ? ಮತ್ತ ಹುಣಸಿಮರ? ನಾ ನೋಡೇ ಇಲ್ಲಲಾ."

ಜಮೀಲಾಬಿಯಾಗಿದ್ದರೆ ನಿಜಗುಣಪ್ಪ ಎಂಬ ಹೆಸರು ಬಾಯಿಂದ ಬೀಳುವುದರೊಳಗೆ ನಗುತ್ತಿದ್ದಳು. ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ. ಸೋಮವ್ವನಿಗೆ, ಬಿಡು ಸಾಕು, ಎನ್ನಬೇಕೆನಿಸಿತು. ಎದುರಿಗೆ ಹುಡುಗಿ ಕೈಯಲ್ಲಿ ಕಾಯಿ ಹಿಡಿದು, ಮುಖ ಎತ್ತಿ ಕಾಯುತ್ತಿದ್ದಳು.

ಸೋಮವ್ವ ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತಳು. ಬಾವಿಯ ಪಂಪಿನ ಪೆಟ್ಟಿಗೆಯ ಪಕ್ಕದ ಬಯಲಿನ ಕಡೆಗೆ ಬೆರಳು ಮಾಡಿದಳು.

"ಅಲ್ಲಿತ್ತು," ಎಂದಳು. "ದೊಡ್ಡ ಮರ."

ರಂಜನಾ ಕೂಡ ಎದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು, ಏನೂ ಇಲ್ಲದ ಆ ಜಾಗವನ್ನು ನೋಡುತ್ತ ನಿಂತಳು.

"ಎಷ್ಟ ಎತ್ತರಿತ್ರಿ?" ಎಂದಳು.