ಮಾತಿಗೆ ದಂಡವಿಲ್ಲ

ಕಳೆದ ವರ್ಷದ ಆ ಒಂದು ಬಟ್ಟಲು ಮಜ್ಜಿಗೆಯ ವಿಷಯ ಎತ್ತಿದರೆ ಇಜ್ಜಾಳಿಗೆ ಇವತ್ತಿಗೂ ಮೈ ಉರಿಯುತ್ತದೆ. ತಪ್ಪು ಅವಳದೇ ಇರಬಹುದು, ಯಾರು ಅಲ್ಲವೆಂದರು? ಆದರೆ ಉರಿಬಿಸಿಲಲ್ಲಿ ಘಟ್ಟ ಹತ್ತಿ ಬರುವ ಹೆತ್ತ ಮಗಳಿಗೆ ತಾಯಿಯಾದವಳು ಒಂದು ಗುಟುಕು ಮಜ್ಜಿಗೆ ಕೊಡಬಾರದು ಎಂಬ ಕಾನೂನನ್ನು ಈ ಅಟ್ಲಾಸ್ ಬೆಟ್ಟದಲ್ಲಿ ಅದಕ್ಕೆ ಮುಂಚೆ ಯಾರು ಕೇಳಿದ್ದರು? ಇಲ್ಲಿ ಕಳ್ಳನಾದರೂ ಸರಿಯೇ, ಬಟ್ಟಲು ಹಿಡಿದು ನಿಂತವರ ಕೈಯನ್ನು ಸರಿಸಿ ಮುಂದೆ ಹೋಗುವುದಿಲ್ಲ. ಮಗಳು ತೂದಾ ನಿಂತಳು, ಕುಡಿದಳು, ಬಾಯಿ ಒರೆಸಿಕೊಂಡು ಓಡಿದಳು. ಬೆಟ್ಟದ ಓಟ ನಡೆಸುವವರು ಗೊತ್ತು ಮಾಡಿದ ತಾಣ ಬಿಟ್ಟು ಬೇರೆಲ್ಲೂ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಕೂಡದಂತೆ. ಹೆಂಗಸರಲ್ಲಿ ಮೂರನೆಯವಳಾಗಿ ಗುರಿ ಮುಟ್ಟಿದ ಹುಡುಗಿಗೆ ಒಂದು ಗಂಟೆ ದಂಡ ಹಾಕಿ ಎಲ್ಲೋ ಹಿಂದಕ್ಕೆ ತಳ್ಳಿಬಿಟ್ಟರು.

ಊರಿನವರು ಸುಮ್ಮನಿರುತ್ತಾರೆಯೇ. "ನಿನ್ ಮಜ್ಜಿಗೆ ಭಾರಿ ದುಬಾರಿ ಕಣೇ ಇಜ್ಜಾ, ನಮಗ್ ಬೇಡಪ್ಪ" ಎಂದು ನೀರಿನ ಕಾಲುವೆಯ ಹತ್ತಿರ ಸಿಕ್ಕಾಗೆಲ್ಲ ಚುಚ್ಚಿದರು. ಗಂಡ ಮಿಮೂನ್ ಮಾತ್ರ ಕೆಮ್ಮು ಬರುವ ತನಕ ನಕ್ಕ. "ಹೋಗ್ಲಿ ಬಿಡು. ಬರೋ ವರ್ಷ ಮೊದ್ಲು ನಿನ್ನ ಕಂಬಕ್ಕೆ ಕಟ್ಟಿ, ಆಮೇಲೆ ಅವಳನ್ನ ಓಟಕ್ಕೆ ಕಳಿಸ್ತೀನಿ" ಎಂದ.

ಮಿಮೂನನ ಕಸುಬು ಹೇಸರಗತ್ತೆ ಹೊಡೆಯುವುದು. ಬೆಟ್ಟ ಸುತ್ತಲು ಬಂದ ಪರದೇಶದವರ ಗಂಟುಮೂಟೆ ಹೇರಿಕೊಂಡು ಘಟ್ಟ ದಾಟಬೇಕು. ಅವರು ಏದುಸಿರು ಬಿಡುತ್ತ ಬಂದು ಸೇರುವಷ್ಟರಲ್ಲಿ ಗುಡಾರ ಹಾಕಿ ಚಹಾ ಕಾಯಿಸಿರಬೇಕು. ಹೀಗೆ ಹೇಸರಗತ್ತೆಯ ಬಾಲ ಹಿಡಿದು ಓಡಿ ಓಡಿಯೇ ಅವನ ಕಾಲುಗಳು ಗಟ್ಟಿಯಾದವು. ಈ ಬೆಟ್ಟದ ಓಟ ಮೊಟ್ಟಮೊದಲು ನಡೆದಾಗ ಪ್ಲಾಸ್ಟಿಕ್ ಚಪ್ಪಲಿಯಲ್ಲೇ ಓಡಿ ನಾಲ್ಕನೆಯವನಾಗಿ ಬಂದಿದ್ದ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಇದ್ದಿದ್ದರೂ ಓಟ ಕಲಿಸಲು ಅವನು ತೂದಾಳನ್ನೇ ಆರಿಸುತ್ತಿದ್ದ; ಹುಲ್ಲಿನ ಹೊರೆ ಹೊತ್ತು ಇಳಿಜಾರಿನಲ್ಲಿ ಅವಳು ಇಳಿದು ಬರುವುದನ್ನು ನೋಡಿದ ಯಾರಾದರೂ ಹಾಗೇ ಮಾಡುತ್ತಿದ್ದರು.

ಅವನ ಪಾಠ ಸುಲಭದ್ದಲ್ಲ. ಏರುವಾಗ ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಬೇಕು, ಬಾಯಿ ತೆರೆದರೆ ಬೈಗುಳ. ಇಳಿಯುವಾಗ, "ಕಲ್ಲು ನೋಡ್ಬೇಡ್ವೆ, ಕಲ್ಲು ಇಲ್ದಿರೋ ಜಾಗ ನೋಡು. ಕಣ್ಣು ಎಲ್ಲೋ ಕಾಲು ಅಲ್ಲೇ." ಬಾರ್ಲಿ ಹಿಟ್ಟನ್ನು ಜೇನು, ಎಣ್ಣೆಯಲ್ಲಿ ಕಲಸಿ ಇಜ್ಜಾ ಕಟ್ಟಿಕೊಡುತ್ತಿದ್ದ ಉಂಡೆಗಳನ್ನು ಹೊಟ್ಟೆ ಬೇಡವೆಂದರೂ ಓಡುತ್ತಲೇ ನುಂಗಬೇಕು. "ಹಸಿವಾದ್ಮೇಲೆ ತಿನ್ನೋನು ನೆಂಟ, ಓಟಗಾರ ಅಲ್ಲ" ಎನ್ನುತ್ತಿದ್ದ. ಹಿಮ ಕರಗಿದ ಕೆಸರಿನಲ್ಲಿ ಓಡಿಸಿದ, ಗಾಳಿಗೆ ಎದುರಾಗಿ ಓಡಿಸಿದ, ಕಾಲು ಸೋತು ಅಳು ಬಂದ ಮೇಲೂ ಇನ್ನೊಂದು ಗುಡ್ಡ ಏರಿಸಿದ. ಓಟವೆಂದರೆ ಗುಂಡಗಿನ ಮೈದಾನದಲ್ಲಿ ಸುತ್ತುವುದಲ್ಲವಲ್ಲ. ನಸುಕಿಗೆ ಮೊದಲು ಪಕ್ಕದ ಕಣಿವೆಯಿಂದ ಹೊರಟು, ಘಟ್ಟದ ಮೇಲೆ ಘಟ್ಟ ಹತ್ತಿಳಿದು, ಮಧ್ಯಾಹ್ನಕ್ಕೆ ಬೆಟ್ಟಸಾಲಿನ ಆಚೆ ಮಗ್ಗುಲಿನ ಪೇಟೆ ಸೇರಬೇಕು.

"ಯಾರ ಮೇಕೆ ತಪ್ಪಿಸ್ಕೊಂಡಿದೆ ತೂದಾ, ಹಿಂಗ್ ಓಡ್ತಿದ್ದೀಯ?" ಎಂದು ಹೊಲದಲ್ಲಿದ್ದವರು ಕೂಗಿದರೆ, "ನಿಮ್ ಸೊಸೇನೇ ತವರಿಗ್ ಓಡಿಹೋದ್ಲಂತಲ್ಲ, ಹಿಡಿಯೋಕೆ ಹೊರಟೆ" ಎಂದು ನಿಲ್ಲದೆ ಉತ್ತರ ಕೊಡುವಷ್ಟು ಬಾಯಿ ಅವಳಿಗಿತ್ತು. ಅದೂ ಅಪ್ಪನದೇ.

ಈ ಚಳಿಗಾಲದಲ್ಲಿ ಮಿಮೂನನ ಎದೆ ಕೆಟ್ಟಿತು. ಪೇಟೆಯ ಡಾಕ್ಟರು ಪುಪ್ಪುಸದ ಚಿತ್ರ ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅಂದ ಮೇಲೆ ಉಳಿದದ್ದು ಹೇಳಬೇಕೆ. ಆದರೂ ಅವನು ಮಾಳಿಗೆಯ ಮೇಲೆ ಕಂಬಳಿ ಹೊದ್ದು ಕೂತು, ಎದುರು ಗುಡ್ಡದಲ್ಲಿ ಮಗಳು ಓಡುವುದನ್ನು ನೋಡುತ್ತ, ನಿಧಾನವಾದರೆ ತಗಡು ಬಡಿಯುತ್ತಿದ್ದ. ಈ ಸಲ ಹೆಂಗಸರಲ್ಲಿ ಮೊದಲು ಬಂದವಳನ್ನು ಬಯಲುಸೀಮೆಯ ಪಟ್ಟಣದಲ್ಲಿರುವ ಓಟಗಾರರ ಮನೆಗೆ ಕರೆದುಕೊಂಡು ಹೋಗುತ್ತಾರೆ, ಊಟ ವಸತಿ ಕೊಟ್ಟು ಕಲಿಸುತ್ತಾರೆ ಎಂಬ ಸುದ್ದಿ ಬಂದಿತ್ತು. ಎರಡನೆಯವಳಿಗೆ ಚಪ್ಪಾಳೆ, ಅಷ್ಟೆ. ಗೆಲ್ಲದಿದ್ದರೆ ತೂದಾಳಿಗೆ ಕಾದಿರುವುದು ಏನೆಂದು ಇಜ್ಜಾಳಿಗೆ ಗೊತ್ತಿರಲಿಲ್ಲವೇ? ಹುಲ್ಲಿನ ಹೊರೆ, ಮದುವೆ, ಮತ್ತೆ ಹುಲ್ಲಿನ ಹೊರೆ.

ಓಟದ ಮುನ್ನಾದಿನ ಹೊರಡುವಾಗ ತೂದಾ ಅಪ್ಪನ ಹಾಸಿಗೆ ಬಿಟ್ಟು ಏಳಲೇ ಇಲ್ಲ. "ಹೋಗೋದಿಲ್ಲ ಬಾಬಾ" ಎಂದಳು.

"ಹೋಗದೆ? ನಾನೆಲ್ಲಿ ಓಡಿಹೋಗ್ತೀನಿ, ನಿನ್ ಥರಾನಾ?" ಎಂದ ಮಿಮೂನ್. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಾನು ಸತ್ರೂ ಓಟ ಮುಗಿಯೋ ತನಕ ಇವಳಿಗೆ ಯಾರೂ ಹೇಳ್ಕೂಡ್ದು, ಕೇಳಿಸ್ತಾ?" ಎಂದ. ತೂದಾ ಎದ್ದಳು. ಬಾಗಿಲಲ್ಲಿ ನಿಂತು, "ಯಮ್ಮಾ, ನೀನು ದಾರೀಲಿ ಬರ್ಬೇಡ, ನಿನ್ ದಮ್ಮಯ್ಯ" ಎಂದು ಹೇಳಿ ಹೋದಳು.

ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಮಿಮೂನನ ಉಸಿರು ಬೇರೆಯಾಗಿತ್ತು. ಇಜ್ಜಾ ತನ್ನ ಅತ್ತೆ ಮಾವ ಇಬ್ಬರನ್ನೂ ಕಳಿಸಿಕೊಟ್ಟವಳು. ಆ ಸದ್ದು ಅವಳಿಗೆ ಹೊಸದಲ್ಲ. ಪಕ್ಕದ ಮನೆಯ ಯಾಮ್ನಾಳನ್ನು ಕರೆದಳು. ಇಬ್ಬರೂ ಸೇರಿ ದಿಂಬು ಎತ್ತರಿಸಿದರು. ಅವನು ಕಣ್ಣು ಬಿಟ್ಟು, "ತೂದಾನ ಕರ್ಕೊಂಡ್ ಬಾ" ಎಂದ.

"ಓಟ ಶುರುವಾಗಿದೆ. ನೀವೇ ತಾನೆ ಹೇಳ್ಬೇಡ ಅಂದಿದ್ದು?"

"ಅಂದಿದ್ದೆ. ಆಗ ಸಾವು ದೂರ ಇತ್ತು." ಉಸಿರು ಎಳೆದುಕೊಂಡ. "ಈಗ ಹೆದರಿಕೆ ಆಗ್ತಿದೆ ಇಜ್ಜಾ. ನನ್ ಮಗೂನ ನೋಡ್ಬೇಕು. ಘಟ್ಟದ ಮೇಲೆ ಬರ್ತಾಳಲ್ಲ, ಅಲ್ಲಿಂದ ಇಳಿದ್ರೆ ಮನೆ. ಹೋಗು."

ಅಷ್ಟು ವರ್ಷ ಸಂಸಾರ ಮಾಡಿದ ಗಂಡ ಹೆದರಿಕೆ ಎಂಬ ಮಾತು ಆಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಯಾಮ್ನಾಳನ್ನು ಹಾಸಿಗೆಯ ಪಕ್ಕ ಕೂರಿಸಿ, ಶಾಲು ಬಿಗಿದುಕೊಂಡು ಗುಡ್ಡ ಹತ್ತತೊಡಗಿದಳು. ಏನನ್ನೂ ಜೊತೆಗೆ ತೆಗೆದುಕೊಳ್ಳಲಿಲ್ಲ. ಮಗಳನ್ನು ಕರೆತರಬೇಕು, ಬೇರೆ ಯೋಚನೆಯೇ ಅವಳ ತಲೆಯಲ್ಲಿರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಘಟ್ಟದ ನೆತ್ತಿಯಲ್ಲಿ ಹಳದಿ ಜಾಕೀಟು ತೊಟ್ಟ ಸ್ಕೂಲು ಮೇಷ್ಟ್ರು ಕಾವಲಿದ್ದರು. ಓಟಗಾರರ ನಂಬರು ನೋಡಿ ರೇಡಿಯೋದಲ್ಲಿ ಕೂಗಿ ಹೇಳುವುದು ಅವರ ಪಾಲಿನ ಕೆಲಸ. ಇಜ್ಜಾಳನ್ನು ಕಂಡದ್ದೇ ಎದ್ದು ನಿಂತರು.

"ಅಯ್ಯೋ ಅಕ್ಕಾ, ಮತ್ತೆ ಮಜ್ಜಿಗೆ ತಂದ್ರಾ?"

ಅವಳು ಎರಡೂ ಕೈ ಬಿಚ್ಚಿ ತೋರಿಸಿದಳು. "ಒಂದ್ ಮಾತು ಹೇಳೋಕೆ ಬಂದೆ. ಹೇಳಿದ್ರೆ ದಂಡ ಹಾಕ್ತೀರಾ?"

"ಮಾತಿಗೆಂಥ ದಂಡ? ಹೊಟ್ಟೆ ತುಂಬ ಹೇಳಿ" ಎಂದು ನಕ್ಕರು. ಅಲ್ಲಿಗೆ ಕಾನೂನಿನ ನೆಪವೂ ಇಲ್ಲದಾಯಿತು.

ಮೊದಲು ಗಂಡಸರು ಬಂದರು. ಒಬ್ಬೊಬ್ಬನೂ ಬುಸುಗುಡುತ್ತ ನೆತ್ತಿ ತಲುಪಿ, ಆಚೆ ಕಡೆಯ ಇಳಿಜಾರಿಗೆ ಹಾರಿ ಮರೆಯಾದ. ಆಮೇಲೆ ಕೆಳಗಿನ ತಿರುವಿನಲ್ಲಿ ಇಬ್ಬರು ಗಂಡಸರ ನಡುವೆ ತೂದಾ ಕಂಡಳು. ಅವಳ ಹಿಂದೆ, ಕಲ್ಲೆಸೆಯುವಷ್ಟು ದೂರದಲ್ಲಿ, ಹಸಿರು ಟೋಪಿಯ ಇನ್ನೊಬ್ಬಳು. ಅವಳು ಬಿಟ್ಟರೆ ಬೇರೆ ಹೆಂಗಸಿನ ಸುಳಿವಿಲ್ಲ.

"ನಿಮ್ ಹುಡುಗೀನೇ ಮುಂದೆ" ಎಂದರು ಮೇಷ್ಟ್ರು.

ಕಳೆದ ವರ್ಷ ಮಜ್ಜಿಗೆ ತುಳುಕೀತೆಂದು ಬಟ್ಟಲನ್ನೇ ನೋಡುತ್ತ ನಿಂತಿದ್ದ ಇಜ್ಜಾ, ಓಡುತ್ತಿರುವ ಮಗಳ ಮುಖವನ್ನು ಹತ್ತಿರದಿಂದ ನೋಡಿದ್ದು ಈ ಸಲವೇ ಮೊದಲು. ಬಾಯಿ ಮುಚ್ಚಿತ್ತು. ಬೆವರಿಗೆ ಧೂಳು ಮೆತ್ತಿತ್ತು. ಸುಸ್ತಿತ್ತು, ನೋವಿತ್ತು, ಆದರೆ ಆ ಮುಖದಲ್ಲಿ ಯಾರ ಹಂಗೂ ಇರಲಿಲ್ಲ. ಮನೆಯಲ್ಲಿ ಹಿಟ್ಟು ನಾದುವ, ಸೌದೆ ಒಟ್ಟುವ ತೂದಾ ಇವಳಲ್ಲ. ಇಜ್ಜಾ ತನ್ನ ಆಯುಸ್ಸಿನಲ್ಲಿ ಒಂದು ದಿನವೂ ಅಂಥ ಮುಖ ಹೊತ್ತು ತಿರುಗಿದವಳಲ್ಲ. ಅವಳಿಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು, ಎರಡೂ ನಿಜ.

ತಾಯಿಯನ್ನು ಕಂಡದ್ದೇ ತೂದಾ ದಾರಿಯ ಆಚೆ ಅಂಚಿಗೆ ಸರಿದಳು. "ಯಮ್ಮಾ, ಏನೂ ಕೊಡ್ಬೇಡ."

"ಏನೂ ತಂದಿಲ್ಲ ಕಣೇ."

ಹೆಜ್ಜೆ ನಿಧಾನವಾಯಿತು. "ಬಾಬಾ ಹೇಗಿದಾರೆ?"

ಇಜ್ಜಾ ಬಾಯಿ ತೆರೆದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹಿಂದಿನ ತಿರುವಿನಲ್ಲಿ ಹಸಿರು ಟೋಪಿ ಕಾಣಿಸಿತು.

"ಚೆನ್ನಾಗಿದಾರೆ" ಎಂದಳು. "ಓಡು."

ತೂದಾ ನಕ್ಕಳು. ನಕ್ಕು ಇಳಿಜಾರಿಗೆ ಬಿದ್ದಳು. ಮೇಷ್ಟ್ರು ಅವಳ ನಂಬರು ಕೂಗಿ ಹೇಳಿ, ತಿರುಗಿ, "ಇಷ್ಟಕ್ಕೆ ಇಷ್ಟು ದೂರ ಹತ್ತಿ ಬಂದ್ರಾ ಅಕ್ಕಾ?" ಎಂದರು. ಇಜ್ಜಾ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಇಳಿಯತೊಡಗಿದಳು.

ಇಳಿಯುವಾಗ ಅವಳು ಗಂಡನಿಗೆ ಹೇಳುವ ಮಾತನ್ನು ಹತ್ತು ಥರದಲ್ಲಿ ಕಟ್ಟಿದಳು. ನೀವು ಕಲಿಸಿದ್ದು ಸಾರ್ಥಕವಾಯ್ತು, ಎಲ್ಲರಿಗಿಂತ ಮುಂದಿದ್ದಳು, ಬಾಯಿ ಮುಚ್ಚಿಯೇ ಘಟ್ಟ ಹತ್ತಿದಳು. ಕೇಳಿ ಅವನು ನಗುತ್ತಾನೆ, ಒಳ್ಳೇದು ಮಾಡ್ದೆ ಬಿಡು ಎನ್ನುತ್ತಾನೆ. ಹೀಗೆ ನಂಬಿಕೊಂಡೇ ಹೊಸಿಲು ದಾಟಿದಳು.

ಮಿಮೂನನ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. "ಬಂದ್ಲಾ?"

"ಎಲ್ರಿಗಿಂತ ಮುಂದಿದ್ಲು. ಹೆಂಗಸರಲ್ಲಿ ಅವಳೇ..."

"ಬಂದ್ಲಾ ಅಂತ ಕೇಳ್ದೆ."

"ಗೆಲ್ತಾಳೆ. ಗೆದ್ದು ಬರ್ತಾಳೆ."

"ನೀನು ಹೇಳ್ಲಿಲ್ಲ" ಎಂದ. ಕೂಗಾಡುವ ಶಕ್ತಿ ಇರಲಿಲ್ಲ, ಇದ್ದಿದ್ದರೆ ಕೂಗುತ್ತಿದ್ದ. ಅವಳು ಕೈ ಹಿಡಿಯಲು ಹೋದರೆ ಕೈ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಆಮೇಲೆ ಯಾಮ್ನಾ ಕಿವಿಯಲ್ಲಿ ಕಲಿಮಾ ಹೇಳಿದಾಗ ತುಟಿ ಅಲುಗಿದ್ದು ಬಿಟ್ಟರೆ ಅವನು ಯಾರೊಡನೆಯೂ ಮಾತಾಡಲಿಲ್ಲ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಮುಗಿದುಹೋಯಿತು. ನಮ್ಮಲ್ಲಿ ಮಣ್ಣಿಗೆ ತಡಮಾಡುವುದಿಲ್ಲ. ಸಂಜೆಯ ಮುಂಚಿನ ನಮಾಜು ಮುಗಿಸಿ ಗಂಡಸರು ಎತ್ತಿಕೊಂಡು ಹೋದರು.

ಪೇಟೆಯಿಂದ ಬೆಟ್ಟ ಬಳಸಿ ಬರುವ ರಸ್ತೆ ಉದ್ದ. ತೂದಾ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಫೋನಿನಲ್ಲಿ ಯಾರೋ ಬೇಗ ಬಾ ಎಂದಷ್ಟೇ ಹೇಳಿದ್ದರಂತೆ. ಎದೆಯ ಮೇಲೆ ಓಟದ ನಂಬರು ಹಾಗೇ ಇತ್ತು; ಕಾಲು ಮರಗಟ್ಟಿ ಗೋಡೆ ಹಿಡಿದು ಒಳಗೆ ಬಂದಳು. ಗೆದ್ದೆ ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಖಾಲಿ ಹಾಸಿಗೆಯ ಹತ್ತಿರ ಕುಸಿದು ಕೂತು, ತುಂಬ ಹೊತ್ತು ಅತ್ತಳು. ಆಮೇಲೆ ತಲೆ ಎತ್ತಿದಳು.

"ಚೆನ್ನಾಗಿದಾರೆ ಅಂದ್ಯಲ್ಲ ಯಮ್ಮಾ."

"ಆಗ ಚೆನ್ನಾಗೇ ಇದ್ದ ಕಣಮ್ಮ" ಎಂದು ಯಾಮ್ನಾ ಮಧ್ಯೆ ಬಂದಳು. "ಇದ್ದಕ್ಕಿದ್ದ ಹಾಗೆ..."

ಪುಣ್ಯಾತ್ಗಿತ್ತಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಇಜ್ಜಾಳಿಗೆ ಬೆಳಗಿನ ಸುಳ್ಳೊಂದೇ ಹೊರಲಾರದ ಹೊರೆಯಾಗಿತ್ತು, ಎರಡನೆಯದಕ್ಕೆ ಜಾಗವಿರಲಿಲ್ಲ. "ಬಿಡು ಯಾಮ್ನಾ" ಎಂದಳು. "ಚೆನ್ನಾಗಿರ್ಲಿಲ್ಲ. ನಿನ್ನ ನೋಡ್ಬೇಕು ಅಂದ್ರು. ಕರ್ಕೊಂಡ್ ಬಾ ಅಂತ ನನ್ನ ಕಳಿಸಿದ್ರು."

"ಒಂದ್ ಮಾತು ಹೇಳಿದ್ರೆ ನಿಲ್ತಿದ್ದೆ."

"ನಿಲ್ತಿದ್ದೆ ಅಂತ ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ."

ತೂದಾ ತಾಯಿಯನ್ನು ಹೊಸಬಳಂತೆ ನೋಡಿದಳು. "ಓಟ ನಂದು ಯಮ್ಮಾ" ಎಂದಳು. "ನಿಲ್ಲೋದೂ ನಂದೇ ಆಗಿತ್ತು."



ಬೇಸಗೆ ಮುಗಿಯುವಾಗ ಓಟಗಾರರ ಮನೆಯಿಂದ ವ್ಯಾನು ಬಂತು. ಅಷ್ಟು ದಿನವೂ ತಾಯಿ ಮಗಳ ನಡುವೆ ರೊಟ್ಟಿ ಬೇಯಿತೇ, ದನ ಬಂತೇ ಎಂಬುದರ ಹೊರತು ಮಾತಿರಲಿಲ್ಲ. ತೂದಾ ಒಂದು ದಿನವೂ ಗುಡ್ಡ ಹತ್ತಿರಲಿಲ್ಲ. ಹೋಗುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ವ್ಯಾನಿನ ಹಾರ್ನ್ ಕೇಳಿದಾಗ ಅವಳು ಚೀಲ ಹೆಗಲಿಗೇರಿಸಿ ಹೊರಬಂದಳು. ನಮ್ಮಲ್ಲಿ ದೂರ ಹೊರಟ ಮಕ್ಕಳು ತಾಯಿಯ ನೆತ್ತಿಗೆ ಮುತ್ತಿಟ್ಟು ಹೋಗುತ್ತಾರೆ. ಅವಳು ಇಡಲಿಲ್ಲ. "ಹೋಗ್ಬರ್ತೀನಿ" ಎಂದಳು, ಅದೂ ನೆಲ ನೋಡುತ್ತ.

ಗಂಡ ಸತ್ತವಳು ಬಿಳಿ ಉಟ್ಟು, ಶೋಕದ ತಿಂಗಳುಗಳು ಮುಗಿಯುವ ತನಕ ಹೊಸಿಲು ದಾಟಬಾರದು. ಇಜ್ಜಾ ಬಾಗಿಲ ಒಳಗೇ ನಿಂತಳು. ಅಲ್ಲಿಂದ ರಸ್ತೆ ಕಾಣುವುದಿಲ್ಲ. ವ್ಯಾನು ಹೊರಟ ಸದ್ದು ಕೇಳಿಸಿತು, ತಿರುವಿನಲ್ಲಿ ಆ ಸದ್ದೂ ಅಡಗಿತು.

ಯಾಮ್ನಾ ಚಹಾ ತಂದು ಪಕ್ಕ ಕೂತಳು. "ಸಿಟ್ಟು ಅಷ್ಟೆ. ಇನ್ನೂ ಹುಡುಗಿ. ಒಂದಿನ ಅರ್ಥ ಆಗತ್ತೆ, ಬರ್ತಾಳೆ" ಎಂದಳು.

"ಬರ್ದಿದ್ರೂ ಸರಿ ಯಾಮ್ನಾ. ಮತ್ತೆ ಆ ಘಟ್ಟದ ಮೇಲೆ ನಿಲ್ಸಿದ್ರೂ ಓಡು ಅಂತಾನೇ ಹೇಳ್ತೀನಿ" ಎಂದಳು ಇಜ್ಜಾ. ಲೋಟ ಕೈಯಲ್ಲೇ ಆರುತ್ತಿತ್ತು. "ಅವಳಿಗಾದ್ರೂ ಏನೋ ಒಂದು ಉತ್ರ ಕೊಟ್ಟೆ. ಆದ್ರೆ ಅವರು ಹೆದರ್ಕೊಂಡಿದ್ರು ಕಣೇ. ನನ್ ಹತ್ರ ಅವರು ಜೀವಮಾನದಲ್ಲಿ ಕೇಳಿದ್ದು ಅದೊಂದೇ. ನಾಳೆ ಮಣ್ಣಲ್ಲಿ ಪಕ್ಕ ಮಲಗಿದಾಗ ಅವರಿಗೆ ಏನ್ ಹೇಳ್ಲಿ?"